ಉದ್ಯೋಗ ಮೇಳಕ್ಕೆ ಹೊರಟವರಿಗೆ, ಟೇಬಲ್‌ನ ಆಚೆ ಕೂರುವವಳ ಮಾತು

ಹುಬ್ಬಳ್ಳಿಯಲ್ಲಿ ವಾಹನದ ಬಿಡಿಭಾಗ ಮಾಡುವ ಕಾರ್ಖಾನೆಯೊಂದರ ಎಚ್‌ಆರ್ ವಿಭಾಗದಲ್ಲಿ ನನ್ನ ಕೆಲಸ. ಧಾರವಾಡ, ಗದಗ, ಹಾವೇರಿ ಕಡೆ ಉದ್ಯೋಗ ಮೇಳ ಆದಾಗ ನಮ್ಮ ಬ್ಯಾನರ್ ಕಟ್ಟಿಕೊಂಡು ಕೂರುವವಳು ನಾನೇ. ಎದುರಿಗೆ ಬರುವ ಹುಡುಗ ಹುಡುಗಿಯರಲ್ಲಿ ದುಡಿಯುವ ತಾಕತ್ತು ಇರುವವರು ಬಹಳ ಜನ. ಆದರೆ ತಮಗೆ ಬರುವುದನ್ನು ಹೇಳಿಕೊಳ್ಳುವುದಿಲ್ಲ, ಕೇಳಬೇಕಾದ್ದನ್ನು ಕೇಳುವುದಿಲ್ಲ. ರೆಸ್ಯೂಮ್ ಇಟ್ಟು, "ಏನಾದ್ರೂ ಇದ್ರ ಫೋನ್ ಮಾಡ್ರಿ ಮೇಡಂ" ಅಂತ ಹೇಳಿ ಹೋಗಿಬಿಡುತ್ತಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಟೇಬಲ್‌ನ ಮೇಲೆ ಏನು ನಡೆಯುತ್ತದೆ ಅಂತ ತಿಳಿದುಕೊಳ್ಳಿ. ಸಾಲು ಉದ್ದ ಇದ್ದಾಗ ಒಬ್ಬೊಬ್ಬರಿಗೆ ಸಿಗುವುದು ಎರಡು ಮೂರು ನಿಮಿಷ. ನೀವು ಮಾತಾಡುತ್ತಿರುವಾಗಲೇ ನಾನು ನಿಮ್ಮ ರೆಸ್ಯೂಮ್‌ನ ಮೂಲೆಯಲ್ಲಿ ಪೆನ್ಸಿಲ್‌ನಿಂದ ಒಂದು ಸಾಲು ಬರೆದುಕೊಳ್ಳುತ್ತೇನೆ. "ಟರ್ನರ್, ಮೈಕ್ರೋಮೀಟರ್ ಬರುತ್ತೆ, ಶಿಫ್ಟ್ ಆಗುತ್ತೆ, ಗೋಕುಲ ರಸ್ತೆಯಲ್ಲಿ ಮಾವನ ಮನೆ, 1ನೇ ತಾರೀಕಿಂದ ಬರ್ತಾರೆ." ಹೀಗೆ. ಮರುದಿನ ಆಫೀಸಿನಲ್ಲಿ ಕಟ್ಟು ಬಿಚ್ಚಿದಾಗ ಮೊದಲ ಫೋನ್ ಹೋಗುವುದು ಇಂಥವರಿಗೆ. ಮೂಲೆ ಖಾಲಿ ಇರುವ ರೆಸ್ಯೂಮ್ ಕಟ್ಟಿನಲ್ಲೇ ಉಳಿಯುತ್ತದೆ. ನಮ್ಮಲ್ಲಿ ಮಾತ್ರ ಅಲ್ಲ, ಪಕ್ಕದ ಟೇಬಲ್‌ನವರೂ ಹೆಚ್ಚುಕಡಿಮೆ ಹೀಗೇ ಮಾಡುತ್ತಾರೆ.

ಹಾಗಾಗಿ ನಿಮ್ಮ ತಯಾರಿಯೆಲ್ಲ ಆ ಒಂದು ಸಾಲಿಗಾಗಿ. ನಿಮಗೆ ಏನು ಬರುತ್ತದೆ, ಎಲ್ಲಿ ಉಳಿದುಕೊಳ್ಳುತ್ತೀರಿ, ಯಾವತ್ತಿನಿಂದ ಬರುತ್ತೀರಿ. ಈ ಮೂರನ್ನು ಕೇಳದೇ ಇದ್ದರೂ ನೀವೇ ಹೇಳಬೇಕು.

ಯಾವ ಮೇಳ?

ಸರ್ಕಾರದ ಸ್ಕಿಲ್ ಕನೆಕ್ಟ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ. ಕೇಂದ್ರದ ನ್ಯಾಷನಲ್ ಕರಿಯರ್ ಸರ್ವೀಸ್ ಪೋರ್ಟಲ್‌ನಲ್ಲೂ ಮಾಡಿ, ಎರಡಕ್ಕೂ ದುಡ್ಡಿಲ್ಲ. ನಿಮ್ಮ ಜಿಲ್ಲೆಯ ಉದ್ಯೋಗ ವಿನಿಮಯ ಕಚೇರಿಗೆ ಒಮ್ಮೆ ಹೋಗಿ ಬನ್ನಿ. ಅಲ್ಲಿ ಹೆಚ್ಚು ಸದ್ದಿಲ್ಲದೆ ಸಣ್ಣ ಸಣ್ಣ ಮೇಳಗಳು ನಡೆಯುತ್ತಿರುತ್ತವೆ.

2024ರ ಫೆಬ್ರವರಿ 26 ಮತ್ತು 27ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಯುವ ಸಮೃದ್ಧಿ ಸಮ್ಮೇಳನ ಅಂತ ರಾಜ್ಯ ಮಟ್ಟದ ಮೇಳ ಆಯಿತಲ್ಲ, ಅಂಥದ್ದರಲ್ಲಿ ಕಂಪನಿಗಳು ಜಾಸ್ತಿ, ಜನವೂ ಜಾಸ್ತಿ. ಸಣ್ಣ ಮೇಳಕ್ಕೆ ಹತ್ತು ಹದಿನೈದು ಕಂಪನಿ ಬಂದರೆ ಹೆಚ್ಚು. ಆದರೆ ಅಲ್ಲಿ ನಾನು ನಿಮ್ಮನ್ನು ಕೂರಿಸಿ ಮಾತಾಡಿಸಬಲ್ಲೆ. ಮೊದಲ ಸಲ ಹೋಗುವವರು ಸಣ್ಣ ಮೇಳದಿಂದಲೇ ಶುರು ಮಾಡುವುದು ಒಳ್ಳೆಯದು.

ಬರುವ ಕಂಪನಿಗಳ ಪಟ್ಟಿಯನ್ನು ಬಹಳ ಕಡೆ ಮೊದಲೇ ಕೊಡುತ್ತಾರೆ. ಕೊಡದಿದ್ದರೆ ಸಂಘಟಕರಿಗೆ ಫೋನ್ ಮಾಡಿ ಕೇಳಿ. ಅದರಲ್ಲಿ ನಿಮಗೆ ಹೊಂದುವ ನಾಲ್ಕೈದನ್ನು ಆರಿಸಿ. ಅವರು ಏನು ತಯಾರಿಸುತ್ತಾರೆ, ಘಟಕ ಎಲ್ಲಿದೆ, ಇಷ್ಟಾದರೂ ಗೊತ್ತಿರಲಿ. ನಲವತ್ತು ಟೇಬಲ್‌ಗೆ ರೆಸ್ಯೂಮ್ ಹಂಚುವುದರಿಂದ ಝೆರಾಕ್ಸ್ ಅಂಗಡಿಯವರಿಗೆ ಲಾಭ. ನಾಲ್ಕು ಟೇಬಲ್‌ನಲ್ಲಿ ಸರಿಯಾಗಿ ಮಾತಾಡುವುದರಿಂದ ನಿಮಗೆ ಲಾಭ.

ಹೆಸರು ಒಂದೇ ಇರಲಿ

ರೆಸ್ಯೂಮ್‌ಗಿಂತ ಮೊದಲು ಈ ಮಾತು ಹೇಳಬೇಕು. ಆಯ್ಕೆಯಾದ ಎಷ್ಟೋ ಮಕ್ಕಳು ಸಿಕ್ಕಿಹಾಕಿಕೊಳ್ಳುವುದು ಇಲ್ಲಿಯೇ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ "ಮಂಜುನಾಥ ಬಿ.", ಆಧಾರ್‌ನಲ್ಲಿ "ಮಂಜುನಾಥ ಬಸಪ್ಪ", ಬ್ಯಾಂಕಿನಲ್ಲಿ ಕೊನೆಗೆ ಮನೆತನದ ಹೆಸರು, ಪ್ಯಾನ್ ಕಾರ್ಡ್‌ನಲ್ಲಿ ಇನ್ನೊಂದು ಥರ. ನಮ್ಮ ಕಡೆ ಇದು ಮಾಮೂಲು. ಆದರೆ ಪಿಎಫ್ (ಭವಿಷ್ಯ ನಿಧಿ) ಖಾತೆಗೆ ಆಧಾರ್, ಪ್ಯಾನ್, ಬ್ಯಾಂಕ್ ಜೋಡಿಸುವಾಗ ಹೆಸರೋ ಹುಟ್ಟಿದ ದಿನಾಂಕವೋ ತಾಳೆಯಾಗದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಮುಂದೆ ಪಿಎಫ್ ದುಡ್ಡು ತೆಗೆಯುವಾಗಲೂ ಅದೇ ತೊಂದರೆ.

ನಾಲ್ಕನ್ನೂ ಒಂದೇ ಕಡೆ ಇಟ್ಟು ಅಕ್ಷರ ಅಕ್ಷರ ನೋಡಿ. ಎಸ್ಸೆಸ್ಸೆಲ್ಸಿ ಕಾರ್ಡ್‌ನಲ್ಲಿ ಇರುವ ಹೆಸರನ್ನು ಆಧಾರವಾಗಿ ಇಟ್ಟುಕೊಂಡು ಉಳಿದದ್ದನ್ನು ತಿದ್ದಿಸಿ, ಯಾಕೆಂದರೆ ಅದನ್ನು ತಿದ್ದಿಸುವುದೇ ಎಲ್ಲಕ್ಕಿಂತ ಕಷ್ಟ. ಮೇಳಕ್ಕೆ ಒಂದು ತಿಂಗಳು ಇರುವಾಗಲೇ ಶುರು ಮಾಡಿ. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಚಾಲ್ತಿಯಲ್ಲಿದೆಯಾ ಅಂತಲೂ ನೋಡಿಕೊಳ್ಳಿ. ಅಣ್ಣನ ಹಳೇ ನಂಬರ್ ಕೊಟ್ಟು, ಈಗ ಅದು ಬಂದ್ ಆಗಿದ್ದರೆ ಓಟಿಪಿ ಬರುವುದಿಲ್ಲ.

ಮಾರ್ಕ್ಸ್ ಕಾರ್ಡ್‌ಗಳಲ್ಲಿ ಡಿಜಿಲಾಕರ್‌ನಲ್ಲಿ ಸಿಗುವುದನ್ನು ಇಳಿಸಿ ಇಟ್ಟುಕೊಳ್ಳಿ. ಮೇಳಕ್ಕೆ ಅಸಲಿ ಕಾಗದ ತಂದರೆ ತೋರಿಸಲು ಮಾತ್ರ. ಆಧಾರ್ ಝೆರಾಕ್ಸನ್ನು ಎಲ್ಲರಿಗೂ ಹಂಚಬೇಡಿ, ಮೊದಲ ಭೇಟಿಯಲ್ಲಿ ನಮಗೆ ಅದು ಬೇಕಾಗುವುದೂ ಇಲ್ಲ.

ರೆಸ್ಯೂಮ್

ಒಂದು ಹಾಳೆ ಸಾಕು. ಝೆರಾಕ್ಸ್ ಅಂಗಡಿಯಲ್ಲಿ ಮಾಡಿಸಿದ ರೆಸ್ಯೂಮ್‌ಗಳಲ್ಲಿ ಮೇಲಿನ ನಾಲ್ಕು ಸಾಲು ಎಲ್ಲರದ್ದೂ ಒಂದೇ. ಸವಾಲಿನ ವಾತಾವರಣದಲ್ಲಿ ದುಡಿದು ಸಂಸ್ಥೆಯ ಬೆಳವಣಿಗೆಗೆ ಕೊಡುಗೆ ನೀಡುವ ಗುರಿ ಅಂತ ಇಂಗ್ಲಿಷ್‌ನಲ್ಲಿ ಇರುತ್ತದೆ. ಅದನ್ನು ತೆಗೆದುಬಿಡಿ. ಆ ಜಾಗದಲ್ಲಿ ನಿಮಗೆ ಬರುವ ಕೆಲಸ ಬರೆಯಿರಿ.

ಐಟಿಐ ಫಿಟ್ಟರ್ ಆಗಿದ್ದರೆ: "ವರ್ನಿಯರ್, ಮೈಕ್ರೋಮೀಟರ್‌ನಲ್ಲಿ ಅಳತೆ ತೆಗೆಯಬಲ್ಲೆ. ಡ್ರಾಯಿಂಗ್ ಓದಬಲ್ಲೆ. ಡ್ರಿಲ್ಲಿಂಗ್, ಟ್ಯಾಪಿಂಗ್ ಮಾಡಿದ್ದೇನೆ." ಹೀಗೆ ಬರೆದವರಿಗೆ ನಾನು ಕೇಳುವ ಮೊದಲ ಪ್ರಶ್ನೆ, ನೀವು ಹಿಡಿದ ವರ್ನಿಯರ್‌ನ ಲೀಸ್ಟ್ ಕೌಂಟ್, ಅಂದರೆ ಅದು ಅಳೆಯಬಲ್ಲ ಅತಿ ಸಣ್ಣ ಅಳತೆ, ಎಷ್ಟು ಅಂತ. 0.02 ಮಿಲಿಮೀಟರ್, ಮೈಕ್ರೋಮೀಟರ್‌ದು 0.01 ಅಂತ ತಟ್ಟನೆ ಹೇಳಿದರೆ ಪೆನ್ಸಿಲ್ ಆಗಲೇ ಓಡಲು ಶುರು. ಬರೆದದ್ದನ್ನು ಹಿಂದಿನ ರಾತ್ರಿ ಒಮ್ಮೆ ಓದಿಕೊಂಡು ಬನ್ನಿ, ಅಷ್ಟೇ.

ಬಿಕಾಂ ಆದವರು ಎಲ್ಲರೂ "ಟ್ಯಾಲಿ ಬರುತ್ತೆ" ಅಂತಾರೆ. ಟ್ಯಾಲಿಯಲ್ಲಿ ಏನು ಮಾಡಿದ್ದೀರಿ ಅನ್ನುವುದು ಮುಖ್ಯ. ಖರೀದಿ ಮಾರಾಟದ ಎಂಟ್ರಿ ಹಾಕಿದ್ದೀರಾ? ಬ್ಯಾಂಕ್ ಸ್ಟೇಟ್‌ಮೆಂಟ್ ತಾಳೆ ನೋಡಿದ್ದೀರಾ? ಜಿಎಸ್‌ಟಿ ರಿಟರ್ನ್ ಕಟ್ಟುವಾಗ ಜಿಎಸ್‌ಟಿಆರ್-1ರಲ್ಲಿ ಏನು ಹೋಗುತ್ತದೆ, 3ಬಿಯಲ್ಲಿ ಏನು ಹೋಗುತ್ತದೆ? ಸರಕಿನ ಬೆಲೆ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ ಬೇಕು ಅಂತ ಗೊತ್ತಿರುವ ಹುಡುಗಿಯನ್ನು ನಮ್ಮ ಡಿಸ್ಪ್ಯಾಚ್ ವಿಭಾಗದವರು ಬಿಟ್ಟುಕೊಡುವುದಿಲ್ಲ.

ಬಿಎ ಆದವರು ಬಹಳ ಹಿಂಜರಿಯುತ್ತಾರೆ. "ನಮಗ್ಯಾರ್ ಕೆಲಸ ಕೊಡ್ತಾರ್ರಿ" ಅಂತ ದೂರ ನಿಂತೇ ಬಿಡುತ್ತಾರೆ. ಹಾಗೆ ನಿಲ್ಲಬೇಡಿ. ಸ್ಟೋರ್ಸ್, ಟೈಮ್ ಆಫೀಸ್, ಡಿಸ್ಪ್ಯಾಚ್, ಆಸ್ಪತ್ರೆಯ ರಿಸೆಪ್ಷನ್, ಶೋರೂಂ, ಎಲ್ಲ ಕಡೆ ಪದವೀಧರರು ಬೇಕು. ಎಕ್ಸೆಲ್‌ನಲ್ಲಿ ಪಟ್ಟಿ ಮಾಡಿ ಮೊತ್ತ ತೆಗೆಯುವುದು, ಕನ್ನಡ ಮತ್ತು ಇಂಗ್ಲಿಷ್ ಎರಡೂ ಟೈಪ್ ಮಾಡುವುದು, ಇವೆರಡನ್ನು ಕಲಿತು ರೆಸ್ಯೂಮ್‌ನ ಮೇಲ್ಗಡೆ ಬರೆಯಿರಿ.

ಅಪ್ಪನ ಹೊಲದಲ್ಲಿ ದುಡಿದದ್ದು, ಅಂಗಡಿಯಲ್ಲಿ ಲೆಕ್ಕ ಬರೆದದ್ದು, ಗ್ಯಾರೇಜಿನಲ್ಲಿ ಆರು ತಿಂಗಳು ಇದ್ದದ್ದು ಎಲ್ಲವೂ ಅನುಭವವೇ. ಬರೆಯಿರಿ. ಒಂದು ವಿಷಯ ಬಾಕಿ ಇದ್ದರೆ "ಒಂದು ಬ್ಯಾಕ್‌ಲಾಗ್ ಇದೆ, ಈ ಸಲ ಕಟ್ಟಿದ್ದೇನೆ" ಅಂತ ನೇರವಾಗಿ ಹೇಳಿ. ಮುಚ್ಚಿಟ್ಟದ್ದು ದಾಖಲೆ ನೋಡುವಾಗ ಗೊತ್ತಾಗಿಯೇ ಆಗುತ್ತದೆ. ಆಗ ಅಂಕಕ್ಕಿಂತ ಸುಳ್ಳು ದೊಡ್ಡದಾಗಿ ಕಾಣುತ್ತದೆ.

ಫೋನ್ ನಂಬರ್ ದೊಡ್ಡದಾಗಿ, ಮೇಲ್ಗಡೆ. ವಾಟ್ಸಾಪ್ ಬೇರೆ ನಂಬರ್‌ನಲ್ಲಿ ಇದ್ದರೆ ಅದೂ ಇರಲಿ. ಹಳ್ಳಿಯಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಮನೆಯ ಇನ್ನೊಬ್ಬರ ನಂಬರ್ ಕೂಡ ಕೊಡಿ, ಮತ್ತು ಅವರಿಗೆ ಹೇಳಿಡಿ.

ಮೇಳದ ದಿನ

ಬೆಳಿಗ್ಗೆ ಬೇಗ ಬನ್ನಿ. ಉದ್ಘಾಟನೆಯ ಭಾಷಣ ನಡೆಯುವಾಗ ಎಲ್ಲರೂ ವೇದಿಕೆಯ ಕಡೆ ಇರುತ್ತಾರೆ, ನಾವು ಟೇಬಲ್ ಜೋಡಿಸಿಕೊಂಡು ಸುಮ್ನೆ ಕೂತಿರುತ್ತೇವೆ. ಮಾತಾಡಲು ಅದಕ್ಕಿಂತ ಒಳ್ಳೆಯ ಹೊತ್ತು ಇಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ನೂಕುನುಗ್ಗಲು. ಮೂರು ಗಂಟೆಯ ಮೇಲೆ ಕೆಲವು ಕಂಪನಿಯವರು ಬ್ಯಾನರ್ ಬಿಚ್ಚಲು ಶುರು ಮಾಡುತ್ತಾರೆ.

ಗೇಟಿನಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿ ನೋಂದಣಿ ಮಾಡಿಸುತ್ತಾರೆ. ಎಲ್ಲರೂ ಒಟ್ಟಿಗೆ ಮಾಡಿದರೆ ನೆಟ್ ಎಳೆಯುವುದಿಲ್ಲ, ಸಾಧ್ಯವಿದ್ದರೆ ಮನೆಯಲ್ಲೇ ಮಾಡಿ ಬನ್ನಿ. ಇಸ್ತ್ರಿ ಮಾಡಿದ ಸಾದಾ ಅಂಗಿ, ಪ್ಯಾಂಟ್, ಚೂಡಿದಾರ್ ಸಾಕು. ಬ್ಲೇಜರ್‌ಗೆ ದುಡ್ಡು ಹಾಕಬೇಡಿ. ರೆಸ್ಯೂಮ್, ಎರಡು ಪೆನ್ನು, ಒಂದು ಸಣ್ಣ ನೋಟ್‌ಬುಕ್, ನೀರಿನ ಬಾಟಲಿ. ಫೋನ್ ಪೂರ್ತಿ ಚಾರ್ಜ್ ಆಗಿರಲಿ.

ಗೆಳೆಯರ ಜೊತೆ ಬನ್ನಿ, ಆದರೆ ಟೇಬಲ್‌ಗೆ ಒಬ್ಬರೇ ಬನ್ನಿ. ಐದು ಜನ ಒಟ್ಟಿಗೆ ನಿಂತರೆ ಒಬ್ಬ ಮಾತಾಡುತ್ತಾನೆ, ಉಳಿದ ನಾಲ್ವರು ತಲೆ ಆಡಿಸುತ್ತಾರೆ. ಆ ನಾಲ್ವರ ಮುಖವೂ ನನಗೆ ನೆನಪಿರುವುದಿಲ್ಲ.

ಮಾತು ಯಾವ ಭಾಷೆಯಲ್ಲಿ? ನಮ್ಮಂಥ ಕಾರ್ಖಾನೆಯ ಟೇಬಲ್‌ನಲ್ಲಿ ಕನ್ನಡದಲ್ಲೇ ಮಾತಾಡಿ. ಬಾಯಿಪಾಠ ಮಾಡಿದ ಇಂಗ್ಲಿಷ್ ಪರಿಚಯ ಎರಡನೇ ಸಾಲಿಗೆ ಮರೆತುಹೋಗುತ್ತದೆ, ಆಮೇಲೆ ಬೆವರು. "ನಮಸ್ಕಾರ ಮೇಡಂ. ನಾನು ಸವಣೂರಿನವನು, ಐಟಿಐ ಟರ್ನರ್ ಮುಗಿಸಿದ್ದೇನೆ. ಲೇತ್ ಮೇಲೆ ಕೆಲಸ ಮಾಡಿದ್ದೇನೆ, ಸಿಎನ್‌ಸಿ ಕಲಿಯಬೇಕು ಅಂತ ಆಸೆ. ಹುಬ್ಬಳ್ಳಿಯಲ್ಲಿ ರೂಂ ಮಾಡ್ತೀನಿ, ಮುಂದಿನ ಸೋಮವಾರದಿಂದ ಬರಬಲ್ಲೆ." ಇಷ್ಟು ಸಾಕು. ಮೊದಲು ಹೇಳಿದ ಮೂರೂ ಇದರಲ್ಲಿ ಬಂತು, ಅಲ್ವಾ? ಕಾಲ್ ಸೆಂಟರ್, ಬ್ಯಾಂಕಿಂಗ್ ಕೆಲಸಕ್ಕೆ ಹೋಗುವವರು ಮಾತ್ರ ಇಂಗ್ಲಿಷ್ ತಯಾರಿ ಮಾಡಿಕೊಳ್ಳಲೇಬೇಕು. ಅಲ್ಲಿ ಮಾತನ್ನೇ ಪರೀಕ್ಷೆ ಮಾಡುತ್ತಾರೆ.

"ಯಾವ ಕೆಲಸ ಬೇಕಪ್ಪಾ?" ಅಂದಾಗ "ಯಾವುದಾದ್ರೂ ಆಗ್ತದ್ರಿ" ಅನ್ನಬೇಡಿ. ಮನೆಯ ಕಷ್ಟಕ್ಕೆ ಆ ಮಾತು ಬರುತ್ತದೆ, ನನಗೆ ಅರ್ಥ ಆಗುತ್ತದೆ. ಆದರೆ ಯಾವುದಾದರೂ ಅಂತ ಹುದ್ದೆ ನಮ್ಮ ಪಟ್ಟಿಯಲ್ಲಿ ಇರುವುದಿಲ್ಲ. ಎರಡು ಹೇಳಿ. "ಕ್ವಾಲಿಟಿ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಪ್ರೊಡಕ್ಷನ್ ಆದರೂ ಸರಿ." ಈಗ ನಾನು ಹುಡುಕಬಲ್ಲೆ.

ನೀವು ಕೇಳಬೇಕಾದ್ದು

ಇದೇ ಎಲ್ಲಕ್ಕಿಂತ ಮುಖ್ಯ. ಮೇಳದಲ್ಲಿ ನಾವು ಮಾತ್ರ ಆರಿಸುವುದಲ್ಲ, ನೀವೂ ಆರಿಸುತ್ತೀರಿ. ಪ್ರಶ್ನೆ ಕೇಳಿದರೆ ಸಿಟ್ಟಾಗುತ್ತಾರೆ ಅನ್ನುವ ಹೆದರಿಕೆ ಬೇಡ.

ಮೊದಲನೆಯದು, ನಾನು ಯಾರ ಲೆಕ್ಕದಲ್ಲಿ ಕೆಲಸಕ್ಕೆ ಸೇರುತ್ತೇನೆ? ಬ್ಯಾನರ್ ಮೇಲೆ ದೊಡ್ಡ ಕಂಪನಿಯ ಹೆಸರು ಇರುತ್ತದೆ. ಕೂತವರು ಗುತ್ತಿಗೆದಾರರ ಕಡೆಯವರಾಗಿರಬಹುದು. ಆನ್ ರೋಲಾ (ಕಂಪನಿಯ ಲೆಕ್ಕದಲ್ಲಾ), ಆಫ್ ರೋಲಾ (ಗುತ್ತಿಗೆದಾರರ ಲೆಕ್ಕದಲ್ಲಾ) ಅಂತ ಕೇಳಿ. ಗುತ್ತಿಗೆ ಅಂದ ಮಾತ್ರಕ್ಕೆ ಕೆಟ್ಟದ್ದಲ್ಲ, ಆದರೆ ಸಂಬಳ ಯಾರು ಹಾಕುತ್ತಾರೆ, ಎಷ್ಟು ತಿಂಗಳಿಗೆ ಅಂತ ಸೇರುವ ಮೊದಲೇ ತಿಳಿದಿರಬೇಕು. ಅಪ್ರೆಂಟಿಸ್ ಅಂದರೆ ಅದು 1961ರ ಅಪ್ರೆಂಟಿಸ್ ಕಾಯ್ದೆಯ ಕೆಳಗೆ ಬರುವ ಕಲಿಕೆ. ಸ್ಟೈಪೆಂಡ್ ಇರುತ್ತದೆ, ಪಿಎಫ್, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಇರುವುದಿಲ್ಲ, ಮುಗಿದ ಮೇಲೆ ಕೆಲಸ ಕೊಡಲೇಬೇಕು ಅಂತ ಇಲ್ಲ. ಐಟಿಐ, ಡಿಪ್ಲೊಮಾ ಮಕ್ಕಳಿಗೆ ಅದು ಒಳ್ಳೆಯ ದಾರಿಯೇ, ಕರಾರು ಸರ್ಕಾರದ ಪೋರ್ಟಲ್‌ನಲ್ಲಿ ನೋಂದಣಿ ಆಗಿರಬೇಕು ಅಷ್ಟೇ.

ಎರಡನೆಯದು, ಕೈಗೆ ಎಷ್ಟು ಬರುತ್ತದೆ? ವರ್ಷಕ್ಕೆ 2 ಲಕ್ಷ 40 ಸಾವಿರ ಸಿಟಿಸಿ (ನಿಮಗಾಗಿ ಕಂಪನಿ ಮಾಡುವ ಒಟ್ಟು ಖರ್ಚು) ಅಂದಾಗ ಮಕ್ಕಳು ಹನ್ನೆರಡರಿಂದ ಭಾಗಿಸಿ 20,000 ಅಂದುಕೊಳ್ಳುತ್ತಾರೆ. ಲೆಕ್ಕ ಹೀಗೆ ನಡೆಯುತ್ತದೆ ನೋಡಿ. ತಿಂಗಳಿಗೆ ಮೂಲ ವೇತನ, ಡಿಎ (ತುಟ್ಟಿಭತ್ಯೆ) ಸೇರಿ 15,000, ಉಳಿದ ಭತ್ಯೆ 2,000, ಒಟ್ಟು 17,000. ಇದರ ಮೇಲೆ ಕಂಪನಿ ಕಟ್ಟುವ ಪಿಎಫ್ ಶೇಕಡಾ 12ರಂತೆ 1,800, ಇಎಸ್‌ಐ ಶೇಕಡಾ 3.25ರಂತೆ 553, ಗ್ರಾಚ್ಯುಟಿಗೆ (ವರ್ಷಗಟ್ಟಲೆ ದುಡಿದು ಕೆಲಸ ಬಿಡುವಾಗ ಸಿಗುವ ಮೊತ್ತ) ಅಂತ 721. ಎಲ್ಲ ಸೇರಿದರೆ 20,000ದ ಆಸುಪಾಸು. ಆದರೆ 17,000ದಲ್ಲಿ ನಿಮ್ಮ ಪಾಲಿನ ಪಿಎಫ್ 1,800, ಇಎಸ್‌ಐ ಶೇಕಡಾ 0.75ರಂತೆ 128 ಹಿಡಿಯುತ್ತಾರೆ. ಕೈಗೆ ಬರುವುದು 15,000ದ ಸುತ್ತಮುತ್ತ. ಕ್ಯಾಂಟೀನ್, ಬಸ್ಸಿಗೆ ಹಿಡಿದರೆ ಇನ್ನೂ ಕಡಿಮೆ.

ಇದರಲ್ಲಿ ಮೋಸ ಇಲ್ಲ. ಪಿಎಫ್ ನಿಮ್ಮದೇ ಉಳಿತಾಯ. ತಿಂಗಳಿಗೆ 21,000ದವರೆಗೆ ಸಂಬಳ ಇರುವವರಿಗೆ ಸಿಗುವ ಇಎಸ್‌ಐನಲ್ಲಿ ನಿಮ್ಮನ್ನು ನಂಬಿಕೊಂಡಿರುವ ತಂದೆತಾಯಿಗೂ ಚಿಕಿತ್ಸೆ ಇದೆ. ಆದರೆ ರೂಂ ಬಾಡಿಗೆ, ಮೆಸ್ಸಿನ ಲೆಕ್ಕ ಹಾಕುವಾಗ 20,000 ಅಲ್ಲ, 15,000 ಇಟ್ಟುಕೊಂಡು ಹಾಕಬೇಕು. ಊರಿಗೆ ಎಷ್ಟು ಕಳಿಸಬಹುದು ಅನ್ನುವುದು ಅಲ್ಲಿ ತಿಳಿಯುತ್ತದೆ.

ಮಾರಾಟ, ವಿಮೆಯ ಟೇಬಲ್‌ನಲ್ಲಿ ಇನ್ನೊಂದು ಪ್ರಶ್ನೆ ಸೇರಿಸಿ. ಸಂಬಳವಾ, ಕಮಿಷನ್ನಾ? ವಿಮಾ ಏಜೆಂಟ್ ಅಂದರೆ ಕಮಿಷನ್. ಮೈಕ್ರೋಫೈನಾನ್ಸ್ ಫೀಲ್ಡ್ ಕೆಲಸಕ್ಕೆ ಸಾಮಾನ್ಯವಾಗಿ ಸ್ವಂತ ಬೈಕು, ಲೈಸೆನ್ಸ್ ಕೇಳುತ್ತಾರೆ. ಪೆಟ್ರೋಲ್‌ಗೆ ಎಷ್ಟು ಕೊಡುತ್ತಾರೆ, ಸಾಲ ವಸೂಲಿಯಾಗದಿದ್ದರೆ ಏನು ಅಂತ ಕೇಳಿ.

ಮೂರನೆಯದು, ಕೆಲಸ ಎಲ್ಲಿ, ಶಿಫ್ಟ್ ಯಾವುದು? ಮೇಳ ಗದಗದಲ್ಲಿ, ಕೆಲಸ ದೂರದ ಕೋಲಾರ ಕಡೆಯ ನರಸಾಪುರದಲ್ಲೋ ಬೆಂಗಳೂರಿನಾಚೆಯ ಬಿಡದಿಯಲ್ಲೋ ಇರಬಹುದು. ಹಾಸ್ಟೆಲ್ ಇದೆಯಾ, ಕಂಪನಿ ಬಸ್ ಇದೆಯಾ, ರಾತ್ರಿ ಪಾಳಿ ಇದೆಯಾ? ಹುಡುಗಿಯರು ಇದನ್ನು ಸಂಕೋಚ ಬಿಟ್ಟು ಕೇಳಬೇಕು. ಅಪ್ಪನೋ ಅಣ್ಣನೋ ಜೊತೆಗೆ ಬಂದಿದ್ದರೆ ಈ ಉತ್ತರ ಅವರ ಕಿವಿಗೂ ಬೀಳಲಿ. ನಾನಂತೂ "ಕೂತ್ಕೊಳ್ರಿ ಕಾಕಾ" ಅಂತ ಅವರನ್ನೂ ಕೂರಿಸುತ್ತೇನೆ. ಮನೆಯವರು ಮೇಳದಲ್ಲೇ ಒಪ್ಪಿದರೆ ಆ ಹುಡುಗಿ ಕೆಲಸಕ್ಕೆ ಸೇರುತ್ತಾಳೆ. ಮನೆಗೆ ಹೋಗಿ ಒಪ್ಪಿಸಬೇಕು ಅಂದರೆ ಎಷ್ಟೋ ಸಲ ಅಲ್ಲಿಗೇ ನಿಂತುಹೋಗುತ್ತದೆ.

ಬಾಂಡ್ ಇದೆಯಾ ಅಂತಲೂ ಕೇಳಿ. ಇದ್ದರೆ ಎಷ್ಟು ವರ್ಷ, ಮಧ್ಯೆ ಬಿಟ್ಟರೆ ಎಷ್ಟು ಕಟ್ಟಬೇಕು? ಉತ್ತರಗಳನ್ನು ಅಲ್ಲೇ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ಎದುರಿಗೆ ಕೂತವರ ಹೆಸರು, ನಂಬರ್ ಕೂಡ.

ದುಡ್ಡು ಕೇಳಿದರೆ

ನೋಂದಣಿ ಫೀ, ತರಬೇತಿ ಫೀ, ಯೂನಿಫಾರ್ಮ್ ಡಿಪಾಸಿಟ್, ಲ್ಯಾಪ್‌ಟಾಪ್ ಡಿಪಾಸಿಟ್ ಅಂತ ಏನೇ ಹೆಸರಿರಲಿ, ಕೆಲಸಕ್ಕೆ ಮೊದಲು ದುಡ್ಡು ಕೇಳಿದರೆ ಎದ್ದು ಬನ್ನಿ. ಮೇಳ ಮುಗಿದ ವಾರದಲ್ಲಿ ಇಂಥ ಫೋನ್‌ಗಳು ಜಾಸ್ತಿ. ನಿಮ್ಮ ರೆಸ್ಯೂಮ್ ಎಲ್ಲೆಲ್ಲಿ ಹೋಗಿದೆಯೋ ಗೊತ್ತಿರುವುದಿಲ್ಲ. ಫೋನ್ ಮಾಡಿದವರ ನಂಬರ್ ನಿಮ್ಮ ನೋಟ್‌ಬುಕ್‌ನಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಕಂಪನಿಯ ಆಫೀಸಿಗೆ ನೀವೇ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಿ. ಓಟಿಪಿ ಯಾರಿಗೂ ಹೇಳಬೇಡಿ. ದುಡ್ಡು ಹೋಗಿಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಮೊದಲ ಗಂಟೆಗಳಲ್ಲಿ ಹೇಳಿದರೆ ದುಡ್ಡು ತಡೆಯುವ ಸಾಧ್ಯತೆ ಹೆಚ್ಚು. ಗಲ್ಫ್ ಕೆಲಸ ಅಂದವರು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಂದಾಯಿತ ಏಜೆಂಟರಾ ಅಂತ ನೋಡದೆ ಪಾಸ್‌ಪೋರ್ಟ್ ಕೊಡಬೇಡಿ.

ಮೇಳ ಮುಗಿದ ಮೇಲೆ

ಅವತ್ತು ಸಂಜೆಯೇ, ಬಸ್ಸಿನಲ್ಲಿ ಕೂತಾಗಲೇ ಒಂದು ಮೆಸೇಜ್ ಕಳಿಸಿ. "ಮೇಡಂ, ಇವತ್ತು ಮೇಳದಲ್ಲಿ ಭೇಟಿ ಮಾಡಿದ್ದೆ. ಸವಣೂರು, ಐಟಿಐ ಟರ್ನರ್. ಸೋಮವಾರದಿಂದ ಬರಬಲ್ಲೆ." ಜೊತೆಗೆ ರೆಸ್ಯೂಮ್‌ನ ಪಿಡಿಎಫ್. ಬೇರೇನೂ ಬೇಡ. ಬರೀ "ಹಾಯ್" ಅಂತ ಕಳಿಸಿದರೆ ಯಾರು ಅಂತ ತಿಳಿಯುವುದಿಲ್ಲ. ನಾಲ್ಕೈದು ದಿನ ನೋಡಿ ಒಮ್ಮೆ ಫೋನ್ ಮಾಡಿ. ಉತ್ತರ ಬರದಿದ್ದರೆ ಹದಿನೈದು ದಿನ ಬಿಟ್ಟು ಇನ್ನೊಮ್ಮೆ. ಹೀಗೆ ಫೋನ್ ಮಾಡುವವರು ತೀರಾ ಕಡಿಮೆ. ಮೇಳದಲ್ಲಿ ಆಯ್ಕೆಯಾದವರಲ್ಲಿ ಎಲ್ಲರೂ ಬಂದು ಸೇರುವುದಿಲ್ಲ, ಜಾಗ ಖಾಲಿಯಾಗುತ್ತಲೇ ಇರುತ್ತದೆ. ಆ ಹೊತ್ತಿಗೆ ಫೋನ್ ಮಾಡಿದವರಿಗೆ ಅದು ಸಿಗುತ್ತದೆ.

ಸ್ಥಳದಲ್ಲೇ "ಆಫರ್ ಲೆಟರ್" ಕೊಟ್ಟರೆ ಖುಷಿಪಡಿ, ಜೊತೆಗೆ ಓದಿ ನೋಡಿ. ವೇದಿಕೆಯ ಮೇಲೆ ಕೊಡುವ ಕಾಗದ ಎಷ್ಟೋ ಸಲ ಮುಂದಿನ ಸಂದರ್ಶನಕ್ಕೆ ಕರೆಯುವ ಪತ್ರ ಮಾತ್ರ ಆಗಿರುತ್ತದೆ. ಹುದ್ದೆ, ಸಂಬಳ, ಸ್ಥಳ, ಸೇರುವ ದಿನಾಂಕ ನಾಲ್ಕೂ ಇದ್ದರೆ ಅದು ಆಫರ್. ಸೇರುವ ಮೊದಲು ಒಂದು ದಿನ ಹೋಗಿ ಕಂಪನಿಯ ಗೇಟ್ ನೋಡಿ ಬನ್ನಿ. ಶಿಫ್ಟ್ ಬಿಡುವ ಹೊತ್ತಿಗೆ ಹೋದರೆ ಹೊರಗೆ ಬರುವವರನ್ನು ಮಾತಾಡಿಸಬಹುದು. ಸಂಬಳ ಯಾವ ತಾರೀಕಿಗೆ ಆಗುತ್ತದೆ, ಓಟಿ (ಹೆಚ್ಚುವರಿ ಹೊತ್ತಿನ ಕೆಲಸ) ದುಡ್ಡು ಸರಿಯಾಗಿ ಕೊಡುತ್ತಾರಾ ಅಂತ ಅವರಷ್ಟು ನಿಜ ಹೇಳುವವರು ಬೇರೆ ಇಲ್ಲ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಚಾರ್ಜ್ ಕೂಡ ಬೀಳುವುದಿಲ್ಲ.

ಸೇರಿದ ಮೇಲೆ ನೇಮಕಾತಿ ಪತ್ರ ಕೇಳಿ ಪಡೆಯಿರಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಕೆಲಸಗಾರರೆಲ್ಲರಿಗೂ ಅದನ್ನು ಕೊಡಬೇಕು ಅಂತಲೇ ಇದೆ. ಅಸಲಿ ಮಾರ್ಕ್ಸ್ ಕಾರ್ಡ್ ತೋರಿಸಿ ವಾಪಸ್ ತೆಗೆದುಕೊಳ್ಳಿ, ಯಾರ ಬಳಿಯೂ ಬಿಡಬೇಡಿ. ಮೊದಲ ಸಂಬಳ ಬಂದಾಗ ಪೇ ಸ್ಲಿಪ್‌ನಲ್ಲಿ ಪಿಎಫ್‌ನ ಯುಎಎನ್ ನಂಬರ್, ಇಎಸ್‌ಐ ನಂಬರ್ ಎರಡೂ ಇವೆಯಾ ನೋಡಿ. ಇಲ್ಲದಿದ್ದರೆ ನನ್ನಂಥ ಎಚ್‌ಆರ್ ಒಬ್ಬರು ಅಲ್ಲೂ ಇರುತ್ತಾರೆ, ಅವತ್ತೇ ಹೋಗಿ ಕೇಳಿ.